ತಿರುಗಿ ಹೋದ ವಿಮಾನಕ್ಕೆ ವಿವರಣೆ ಕೇಳಿದವರಿಗೆ

ವಿಮಾನಯಾನ ಸಂಸ್ಥೆಯ ಕಾರ್ಯಾಚರಣೆ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ವಿಮಾನ ಇಳಿಯಲಿಲ್ಲವೆಂಬ ಕಾರಣಕ್ಕೆ ನೀವು ಇಷ್ಟು ಕೆಳಗಿಳಿಯಬಾರದಿತ್ತು. ಈ ಸಲದ ಮೊದಲ ಜೋರು ಮಳೆಯ ದಿನ, ಮುಂಬೈಯಿಂದ ನಮ್ಮ ಕರಾವಳಿಗೆ ಹೊರಟ ನಿಮ್ಮ ಬೆಳಗಿನ ವಿಮಾನ ಬೆಂಗಳೂರಿನಲ್ಲಿ ಇಳಿಯಿತು. ಪ್ರಯಾಣಿಕರು ಸಾಮೂಹಿಕವಾಗಿ ದೂರಿದರು. 'ಕ್ಯಾಪ್ಟನ್ ಹಾಗೂ ಸಹ ಪೈಲಟ್ ಅವರಿಂದ ವಿವರಣೆ ಕೇಳಲಾಗಿದೆ. ಅದು ಬರುವವರೆಗೆ ಇಬ್ಬರನ್ನೂ ಹಾರಾಟದಿಂದ ದೂರವಿಡಲಾಗಿದೆ' ಎಂದು ನೀವು ನಮಗೆಲ್ಲ ಹೆಮ್ಮೆಯಿಂದ ಇ-ಮೇಲ್ ಕಳಿಸಿದಿರಿ. ಆ ದೂರಿಗೆ ಸಹಿ ಹಾಕುವ ಹಕ್ಕು ಎಲ್ಲರಿಗಿಂತ ಹೆಚ್ಚು ಇದ್ದದ್ದು ನನಗೆ. ಅಂದು ಮಧ್ಯಾಹ್ನ ಕಾಪುವಿನಲ್ಲಿ ನಡೆಯಬೇಕಿದ್ದ ನಿಶ್ಚಿತಾರ್ಥದ ಹುಡುಗ ನಾನೇ. ಆದರೂ ನಾನು ಸಹಿ ಹಾಕಲಿಲ್ಲ.

ನಡೆದದ್ದಿಷ್ಟು. ವಿಮಾನ ಮೋಡದೊಳಗೆ ಇಳಿಯಿತು, ಗಡಗಡ ನಡುಗಿತು, ಮತ್ತೆ ಮೂಗೆತ್ತಿ ಮೇಲೇರಿತು. ಕ್ಯಾಪ್ಟನ್ ಅವರ ಧ್ವನಿ ಬಂತು: "ರನ್‌ವೇ ಕಾಣಿಸಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರೆ ಬೆಂಗಳೂರು ತಲುಪುವಷ್ಟು ಇಂಧನ ಉಳಿಯುವುದಿಲ್ಲ. ನಾವಿಬ್ಬರೂ ಮಾತಾಡಿ ನಿರ್ಧರಿಸಿದ್ದೇವೆ, ಈಗಲೇ ಹೊರಡುತ್ತೇವೆ." ಪಕ್ಕದಲ್ಲಿದ್ದ ಉದ್ಯಾವರದ ಶೇಖರಣ್ಣನಿಗೆ ತಡೆಯಲಾಗಲಿಲ್ಲ. "ಎಂತ ಮಾರಾಯ್ರೇ ಇದು? ಇನ್ನೊಂದು ಸಲ ಬಿಟ್ಟು ನೋಡ್ಬಹುದಿತ್ತು ಅಲ್ವಾ? ನಮ್ಮ ಎಕ್ಸ್‌ಪ್ರೆಸ್ ಬಸ್ಸಿನವರಾಗಿದ್ದರೆ ನುಗ್ಗಿಸ್ತಿದ್ದರು."

ನಿಜ, ನುಗ್ಗಿಸುತ್ತಿದ್ದರು. ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಭಕ್ತಿಭಾವ ತನ್ನಿಂದ ತಾನೇ ಮೂಡುತ್ತದೆ. ಹಿಂದಿನ ಬಸ್ಸು ಹಾರ್ನ್ ಹಾಕಿತೆಂದರೆ ನಾಸ್ತಿಕನೂ ಕಂಬಿ ಹಿಡಿದು ಕಡಿಯಾಳಿಯ ಅಮ್ಮನನ್ನು ನೆನೆಯುತ್ತಾನೆ. ಆದರೆ ಬಸ್ಸಿನ ಡೀಸೆಲ್ ಮುಗಿದರೆ ಇಳಿದು ಗೋಳಿಬಜೆ ತಿನ್ನಬಹುದು. ಮೋಡದ ಮೇಲೆ ಯಾರ ಹೋಟೆಲು ಉಂಟು, ಮಾನ್ಯರೇ? ಅಥವಾ ತಮಗೂ ಬಸ್ಸಿನವರಂತೆ 'ಟೈಮಿಂಗ್' ತಪ್ಪದಿರಲೆಂದು ನುಗ್ಗಿಸುವ ಪೈಲಟ್‌ಗಳೇ ಬೇಕೆ? ಬೇಕಾದರೆ ಹೇಳಿ, ನಮ್ಮಲ್ಲಿ ಪ್ರತಿಭೆಗೆ ಕೊರತೆಯಿಲ್ಲ.

ಬೆಂಗಳೂರಿನಿಂದ ಫೋನ್ ಮಾಡಿದೆ. ನಿಶ್ಚಿತಾರ್ಥದ ಹುಡುಗಿ ಭವ್ಯಶ್ರೀ, "ಎಂತ, ಅಲ್ಲಿ ಬೇರೆ ಹುಡುಗಿ ಉಂಟಾ?" ಎಂದಳು. ಘಾಟಿ ಇಳಿದು ನಾನು ಕಾಪು ತಲುಪುವಾಗ ದೀಪ ಹಚ್ಚುವ ಹೊತ್ತು. ಮುಹೂರ್ತವೂ ಹೋಗಿತ್ತು, ಪಾಯಸವೂ ಹೋಗಿತ್ತು. ಅವಳ ಸೋದರಮಾವ ಗಂಟಲು ಸರಿಮಾಡಿಕೊಂಡು, "ಅಲ್ಲ, ಯಾಕೆ ವಿಮಾನ..." ಎನ್ನುವಷ್ಟರಲ್ಲಿ ಅವಳ ಅಜ್ಜಿ ವಿನೋದಾ ಒಳಗಿನಿಂದ ಬಂದರು.

"ತಿರುಗಿ ಬಂದವರ ಹತ್ತಿರ ಯಾಕೆ ಅಂತ ಕೇಳುವ ಕ್ರಮ ಯಾವಾಗಿಂದ ಶುರುವಾಯ್ತು ಈ ಮನೆಯಲ್ಲಿ? ಮೊದಲು ಕೈ ತೊಳೆಯಲಿ. ಬಡಿಸಿ."

ಅದು ಮೀನುಗಾರಿಕೆ ದೋಣಿಯವರ ಮನೆ. ಗಾಳಿ ಎದ್ದು ದೋಣಿ ಖಾಲಿ ಬಲೆಯೊಂದಿಗೆ ಹಿಂದೆ ಬಂದರೆ ದಡದಲ್ಲಿ ಯಾರೂ ಕಾರಣ ಕೇಳುವುದಿಲ್ಲ, ಊಟ ಹಾಕುತ್ತಾರೆ. ಅದೇಕೆ ಎಂದು ನಾನು ಊಟದ ನಡುವೆ ಕೇಳಿದೆ. ಅಜ್ಜಿ ಮೀನಿನ ಸಾರು ಬಡಿಸುತ್ತಲೇ ಹೇಳಿದರು: "ಇವತ್ತು ಕೇಳಿದರೆ, ನಾಳೆ ದೋಣಿ ತಿರುಗಿಸುವ ಹೊತ್ತಿಗೆ ಅವನಿಗೆ ಗಾಳಿ ಕಾಣುವುದಿಲ್ಲ ಮಗಾ, ನಮ್ಮ ಮುಖ ಕಾಣ್ತದೆ."

ಮಾನ್ಯರೇ, ಮುಂದಿನ ಮಳೆಯಲ್ಲಿ ಯಾವುದೋ ಕ್ಯಾಪ್ಟನ್ ಕೆಳಗಿನ ಮೋಡವನ್ನೂ ಇಂಧನದ ಮುಳ್ಳನ್ನೂ ನೋಡುವಾಗ ನಡುವೆ ನಿಮ್ಮ ಮುಖ ಕಂಡರೆ ಗತಿಯೇನು? ಮುಖ ಎಷ್ಟೇ ಸುಂದರವಿರಲಿ, ಅದು ರನ್‌ವೇ ಅಲ್ಲ. ನಿಶ್ಚಿತಾರ್ಥ ಮರುದಿನ ಬೆಳಿಗ್ಗೆ ನಡೆಯಿತು. ಮರುದಿನ ಎಂಬುದೊಂದು ನಮಗಿತ್ತಲ್ಲ, ಅದನ್ನು ಉಳಿಸಿಕೊಟ್ಟವರು ಆ ಇಬ್ಬರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ: ಆ ನೋಟಿಸನ್ನು ಹಿಂದಕ್ಕೆ ಪಡೆಯಿರಿ, ಅವರನ್ನು ಮತ್ತೆ ಹಾರಲು ಬಿಡಿ, ಮಳೆಗೆ ಹೆದರಿ ತಿರುಗಿದವರಿಂದ ವಿವರಣೆ ಕೇಳುವುದಿಲ್ಲವೆಂದು ಬರೆದು ಕೊಡಿ. ಜೊತೆಗೆ ಒಂದು ಊಟವನ್ನೂ ಹಾಕಿಸಿ. ಅದು ನಿಮ್ಮ ನಿಯಮದಲ್ಲಿ ಇಲ್ಲವಾದರೆ ಚಿಂತೆಯಿಲ್ಲ, ಡಿಸೆಂಬರಿನಲ್ಲಿ ನಮ್ಮ ಮದುವೆ ಉಂಟು, ಇಬ್ಬರನ್ನೂ ಕಳಿಸಿ. ತಡವಾಗಿ ಬಂದರೂ ಯಾಕೆಂದು ಯಾರೂ ಕೇಳುವುದಿಲ್ಲ.

ಇಂತಿ,
ಪಾಯಸ ತಪ್ಪಿದರೂ ಪ್ರಾಣ ತಪ್ಪದ ವರ,
ರಿತೇಶ್, ಪರ್ಕಳ