ನೋಡಿ: ಎದೆ

ವಿಜಯಪುರ
ಫೆಬ್ರವರಿ ೩೧, ೨೩೪೭

ವೈದ್ಯಪದಕೋಶ ಸಮಿತಿಯ ಪಂಡಿತರಿಗೆ ನಿಂಬೆವ್ವಳ ನಮಸ್ಕಾರ.

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮಲ್ಲಿ ಈಗ ಫೆಬ್ರವರಿಗೂ ಮೂವತ್ತೊಂದು ದಿನ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಬರೆಯುವ ಪತ್ರ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಸಲ ಇದರ ಅವಕಾಶ. ಬೇರೆಯವರು ಮುತ್ತಜ್ಜಿಯ ಕ್ಷೇಮ ಕೇಳಲು ಬಳಸುತ್ತಾರೆ. ನಾನು ನಿಮ್ಮನ್ನು ಬೈಯಲು ಬಳಸುತ್ತಿದ್ದೇನೆ.

ನಾನು ಮೈಪಾಠದ ಮೇಷ್ಟರು. ನೀವದನ್ನು ಅಂಗರಚನಾಶಾಸ್ತ್ರ ಅನ್ನುತ್ತಿದ್ದಿರಿ. ಮೂವತ್ತು ವರ್ಷಗಳಿಂದ ಮಕ್ಕಳಿಗೆ ಒಂದು ಜಾಗವನ್ನು ತೋರಿಸುತ್ತ ಬಂದಿದ್ದೇನೆ. ಮುಂದೆ ಎದೆಮೂಳೆ, ಹಿಂದೆ ಬೆನ್ನೆಲುಬು, ಕೆಳಗೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ, ಅಕ್ಕಪಕ್ಕದಲ್ಲಿ ಎರಡು ಶ್ವಾಸಕೋಶ. ಇವುಗಳ ನಡುವಿನ ಇಕ್ಕಟ್ಟಿನಲ್ಲಿ ಎಷ್ಟೊಂದು ಸಂಸಾರ! ಹೃದಯ ತನ್ನ ಚೀಲದೊಳಗೆ ಕೂತಿದೆ. ಅದರ ಬೆನ್ನಿಗೆ ಒರಗಿಕೊಂಡು ಅನ್ನನಾಳ ಇಳಿಯುತ್ತದೆ. ಶ್ವಾಸನಾಳ ಇಲ್ಲೇ ಎರಡಾಗಿ ಕವಲೊಡೆಯುತ್ತದೆ. ಮಹಾಪಧಮನಿ ಮೇಲೆದ್ದು, ಕೊಡೆಯ ಹಿಡಿಯ ಹಾಗೆ ಬಾಗಿ, ಕೆಳಗಿಳಿಯುತ್ತದೆ. ಬಾಲ್ಯದಲ್ಲಿ ದೊಡ್ಡದಿದ್ದು ಮುಪ್ಪಿನಲ್ಲಿ ಕುಗ್ಗುವ ಥೈಮಸ್ ಗ್ರಂಥಿ, ಉಂಡ ಕೊಬ್ಬನ್ನು ರಕ್ತಕ್ಕೆ ಮುಟ್ಟಿಸುವ ಹಾಲುಬಣ್ಣದ ನಾಳ, ಎಲ್ಲ ಇಲ್ಲೇ. ಒಂದು ನರವಂತೂ ಗಂಟಲಿಗೆ ಹೋಗಬೇಕಾದದ್ದು, ಸುಮ್ಮನೆ ಎದೆಯೊಳಗೆ ಇಳಿದು, ಮಹಾಪಧಮನಿಯ ಬಾಗಿನ ಕೆಳಗೆ ನುಸುಳಿ, ಮತ್ತೆ ಮೇಲೆ ಹತ್ತಿ ಧ್ವನಿಪೆಟ್ಟಿಗೆ ಸೇರುತ್ತದೆ. ಈ ಸುತ್ತುಬಳಸಿನ ನರವನ್ನು ಚೆನ್ನಾಗಿ ನೆನಪಿಡಿ.

ಇಷ್ಟು ತುಂಬಿದ ಜಾಗಕ್ಕೆ ನಿಮ್ಮ ಕೋಶದಲ್ಲಿ ಹೆಸರೇ ಇಲ್ಲ. ಅದರ ಇಂಗ್ಲಿಷ್ ಹೆಸರಿನ ಎದುರು ಇರುವುದು ಎರಡೇ ಪದ: "ನೋಡಿ: ಎದೆ". ಎದೆಯ ಪುಟಕ್ಕೆ ಹೋದರೆ ಅಲ್ಲಿ "ನೋಡಿ: ಹೃದಯ". ಅಲ್ಲಿಗೆ ಮುಗಿಯಿತು.

ನಿಮ್ಮ ಸಭೆಯ ನಡಾವಳಿಯನ್ನೂ ಓದಿದ್ದೇನೆ. ಒಬ್ಬರು 'ಉರೋಮಧ್ಯಸ್ಥಾನ' ಎಂದಿರಿ. ಇನ್ನೊಬ್ಬರು 'ಎದೆನಡು' ಎಂದಿರಿ. ಸಂಸ್ಕೃತವೋ ಅಚ್ಚಗನ್ನಡವೋ ಎಂದು ಎರಡು ತಾಸು ಕಿತ್ತಾಡಿದಿರಿ. ಕೊನೆಗೆ ಅಧ್ಯಕ್ಷರು, "ಹೋಳಿಗೆ ಆರೋಗುತ್ತೆ ಕಣ್ರೀ, ಸದ್ಯಕ್ಕೆ 'ನೋಡಿ: ಎದೆ' ಅಂತ ಹಾಕ್ಬಿಡಿ" ಎಂದರು. ಸದ್ಯಕ್ಕೆ! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ನನ್ನ ಅಕ್ಕ.

ನಮ್ಮಲ್ಲಿ ಕೈಯಿಂದ ಕೊಯ್ಯುವ ವೈದ್ಯರು ಉಳಿದಿಲ್ಲ. ಪ್ರತಿ ಮನೆಯ ಒಲೆಯ ಪಕ್ಕ ಒಂದು ಕೇಳುಗ ಇರುತ್ತದೆ. ಅದು ರೋಗಿಯ ಮಾತು ಕೇಳಿ, ಮೈಯೊಳಗೆ ಇಣುಕಿ, ಅಲ್ಲೇ ವಾಸಿ ಮಾಡುವ ಯಂತ್ರ. ಆದರೆ ಕಂಡವರ ಒಳಗನ್ನು ಅದು ಮನಬಂದಂತೆ ನೋಡುವ ಹಾಗಿಲ್ಲ. ಮೈಯ ಒಡೆಯರು ತಮ್ಮ ಬಾಯಿಂದ, ತಮ್ಮ ತಾಯ್ನುಡಿಯಲ್ಲಿ ಜಾಗದ ಹೆಸರು ಹೇಳಿ ಅಪ್ಪಣೆ ಕೊಡಬೇಕು. ಒಳ್ಳೆಯ ಕಾನೂನೇ. ಆದರೆ ಕನ್ನಡಕ್ಕೆ ಕೇಳುಗ ನಂಬುವುದು ನಿಮ್ಮ ಕೋಶವನ್ನು ಮಾತ್ರ. ಅದಕ್ಕೆ ಸರ್ಕಾರದ ಮುದ್ರೆ ಬಿದ್ದು ನೂರು ವರ್ಷವಾಯಿತು, ಈಗ ಒಂದಕ್ಷರವೂ ಸೇರುವುದಿಲ್ಲ.

ನನ್ನ ಅಕ್ಕ ಗೌರಾಬಾಯಿ ದೀಪಾವಳಿಯಿಂದ ಹೇಳುತ್ತಿದ್ದಾಳೆ: "ಎದಿಯಾಗ ಏನೋ ಕುಂತೈತಿ ನೋಡವ್ವಾ, ತುತ್ತು ಇಳಿಯಾಕ ಒಲ್ದು." ಕೇಳುಗ ಕೋಶ ತಿರುವುತ್ತದೆ. ಎದೆ, ನೋಡಿ: ಹೃದಯ. ಹೃದಯ ನೋಡುತ್ತದೆ. "ಸ್ವಸ್ಥ" ಎನ್ನುತ್ತದೆ. ಹನ್ನೊಂದು ಸಲ ಹೀಗೇ ಆಯಿತು. ಅನ್ನನಾಳ ಎಂದು ಹೇಳಿಸಿದೆ, ಅದನ್ನಷ್ಟೇ ನೋಡಿತು; ಹೊರಗಿನಿಂದ ಒತ್ತುತ್ತಿರುವುದು ಅದರ ಲೆಕ್ಕಕ್ಕಿಲ್ಲ. ಗಡ್ಡೆ ಇರುವುದು ಯಾವ ಅಂಗದಲ್ಲೂ ಅಲ್ಲ, ಅಂಗಗಳ ನಡುವೆ. ನನಗೆ ಗೊತ್ತು. ಮೂವತ್ತು ವರ್ಷ ಕಲಿಸಿದವಳು ಗೋಡೆಗೆ ಕೂತ ಯಂತ್ರದ ಮುಂದೆ ಕೈ ಹಿಸುಕಿಕೊಂಡು ನಿಂತಿದ್ದೇನೆ. ಸಿಟ್ಟಿಗೆ ಅದಕ್ಕೆ ಲಟ್ಟಣಿಗೆಯಿಂದ ಹೊಡೆದೂ ಆಯಿತು.

ಹೋದ ವಾರದಿಂದ ಅಕ್ಕನ ದನಿ ಒಡೆಯುತ್ತಿದೆ. ಕೆಮ್ಮಿಲ್ಲ, ನೆಗಡಿಯಿಲ್ಲ. ಆ ಸುತ್ತುಬಳಸಿನ ನರವನ್ನು ಗಡ್ಡೆ ಅಮುಕುತ್ತಿದೆ. ದನಿ ಪೂರ್ತಿ ಹೋದರೆ ಅಪ್ಪಣೆ ಕೊಡುವ ಬಾಯಿಯೇ ಇರುವುದಿಲ್ಲ. ಆಮೇಲೆ ಕೇಳುಗ ಯಾವ ಜಾಗವನ್ನೂ ನೋಡುವುದಿಲ್ಲ. ನನಗೆ ಭಯವಾಗಿದೆ.

ಈ ಓಲೆ ನಿಮ್ಮ ಕರಡು ಹಾಳೆಗಳ ನಡುವೆ ಸಿಗುತ್ತದೆ, ಕೋಶ ಅಚ್ಚಿಗೆ ಹೋಗುವ ಮುಂಚೆ. ನೀವು ಅಲ್ಲಿ ತಿದ್ದಿದರೆ ಇಲ್ಲಿ ನನ್ನ ಮುಂದಿರುವ ಕೋಶದ ಪುಟವೂ ಬದಲಾಗುತ್ತದೆ. ಒಂದು ಹೆಸರು ಬರೆಯಿರಿ. ಯಾರು ಗೆದ್ದರೂ ನನಗೆ ಅಷ್ಟೇ. ಅಕ್ಕನಿಗೆ ಎರಡನ್ನೂ ಬಾಯಿಪಾಠ ಮಾಡಿಸುತ್ತಿದ್ದೇನೆ. 'ಉರೋಮಧ್ಯ'ದ ಹೊತ್ತಿಗೆ ಉಸಿರು ಕಡಿಯುತ್ತದೆ, 'ಸ್ಥಾನ' ಹೊರಡುವುದಿಲ್ಲ. 'ಎದಿನಡು' ಮಾತ್ರ, ಪಿಸುಮಾತಿನಲ್ಲಾದರೂ, ಇನ್ನೂ ಪೂರ್ತಿ ಬರುತ್ತದೆ. ಇದನ್ನು ತಿಳಿದು ಬರೆಯಿರಿ.

ಇಂದು ಬೆಳಿಗ್ಗೆ ಕೋಶ ತೆರೆದೆ. ಇನ್ನೂ "ನೋಡಿ: ಎದೆ" ಎಂದೇ ಇತ್ತು. ಅಕ್ಕ ಕೇಳುಗದ ಮುಂದೆ ಮಣೆ ಹಾಕಿಕೊಂಡು ಕೂತಿದ್ದಾಳೆ. ನಾನು ಪುಟ ತೆರೆದಿಟ್ಟುಕೊಂಡು ಪಕ್ಕದಲ್ಲಿದ್ದೇನೆ.

ಹೋಳಿಗೆ ಆರಿದರೆ ಮತ್ತೆ ಬಿಸಿ ಮಾಡಿಕೊಳ್ಳಬಹುದು, ಪಂಡಿತರೇ.

ನಿಂಬೆವ್ವ