ಅಪ್ಪ ಹೇಳಿದ ಸೊಟ್ಟ

ಮನೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಕುರ್ಚಿ ಬದಲಿಸಿದೆಯೋ, ಇಲ್ಲ ಆ ಮುರುಕಲಿನ ಮೇಲೇ ಕೂತು ಗೊಣಗುತ್ತಿದ್ದೀಯೋ? ಇಲ್ಲಿ ಎಲ್ಲರೂ ಆರಾಮ, ಟಿವಿಯೊಂದನ್ನು ಬಿಟ್ಟು.

ನೀನು ತಂದುಕೊಟ್ಟ ಟಿವಿಯಲ್ಲಿ ಮೇಲಿನಿಂದ ಕೆಳಗೆ ಹಸಿರು ಗೆರೆ ಬಿತ್ತು. ಮೊದಲು ಒಂದು, ಆಮೇಲೆ ಜಡಿಮಳೆ. ಅಪ್ಪ ಮಾತ್ರ "ಚಿತ್ರ ಸೊಟ್ಟ ಬರ್ತಿದೆ" ಅಂದರು. ಗೆರೆಯನ್ನೇ ಹಾಗನ್ನುತ್ತಾರೆಂದು ನಾವೆಲ್ಲ ತಿಳಿದೆವು. ಪ್ಲಗ್ ಕಿತ್ತು ಹಾಕಿದೆ, ವೈರು ಬದಲಿಸಿದೆ. ಸೆಟ್ಟಿಂಗ್ಸ್ ತೆರೆದರೆ ಅದರ ಮೇಲೂ ಗೆರೆ. ಅಂದರೆ ರೋಗ ಚಾನೆಲ್‌ನದಲ್ಲ, ಟಿವಿಯ ಹೊಟ್ಟೆಯದೇ. ನಿನ್ನ ಭಾವ "ತಲೆಗೆ ಎರಡು ತಟ್ಟು, ಸರಿಹೋಗುತ್ತೆ" ಎಂದು ಪೇಪರಿನ ಹಿಂದೆ ಮಾಯವಾದರು. ಯಾರ ತಲೆಗೆ ಎಂದು ಕೇಳುವವಳಿದ್ದೆ.

ರಿಪೇರಿಯವನಿಗೆ ಮನೆಯಲ್ಲೀಗ 'ಇನ್ನೇನು ಹೊರಟೆ' ಎಂದೇ ಹೆಸರು. ಹಾಗೆ ಹೇಳಿ ವಾರ ಕಳೆದ ಮೇಲೆ ಬಂದ. ಹಿಂಬದಿ ಬಿಚ್ಚಿ, ಒಳಗೆ ರಿಬ್ಬನ್ನಿನಂಥ ಪಟ್ಟಿಯೊಂದು ಸಡಿಲಾಗಿದ್ದುದನ್ನು ಒರೆಸಿ ಸಿಕ್ಕಿಸಿದ. ಗೆರೆ ಮಂಗಮಾಯ! ನಾನು ಉಸಿರು ಬಿಡುವಷ್ಟರಲ್ಲಿ ಅಪ್ಪ, "ಇನ್ನೂ ಸೊಟ್ಟನೇ ಇದೆ. ವಾರ್ತೆ ಓದೋಳ ಮೂಗು ನೋಡು, ಕಿವಿ ಕಡೆ ಹೊರಟಿದೆ" ಅಂದರು. ಅವನು ನಕ್ಕುಬಿಟ್ಟ: "ಮೂಗಿನ ರಿಪೇರಿ ನಮ್ಮಲ್ಲಿಲ್ಲ, ಯಜಮಾನ್ರೇ." ಅಪ್ಪ ಎದ್ದು ಒಳಗೆ ಹೋದರು.

ಬದುಕಿಡೀ ಕಟ್ಟಡಗಳ ನಕ್ಷೆ ಬರೆದವರು, ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದರೂ ಸರಿಮಾಡುವವರು. "ನನ್ನ ಕಣ್ಣಿಗೂ ಬೆಲೆ ಇಲ್ಲ ಈ ಮನೇಲಿ" ಎಂದು ಮುನಿದಿದ್ದಾರೆ. ಊಟಕ್ಕೆ ಕರೆದರೂ ಏಳುವುದಿಲ್ಲ. ಅವರ ಸಮಾಧಾನಕ್ಕೆ ಟಿವಿಯ ಒಂದು ಕಾಲಿನಡಿ ನನ್ನ ಕವನ ಸಂಕಲನವನ್ನೇ ಕೊಟ್ಟೆ. ಕಾವ್ಯದಿಂದ ಲೋಕ ನೆಟ್ಟಗಾಗುತ್ತದೆಂದು ಎಂ.ಎ. ತರಗತಿಯಲ್ಲಿ ಕೇಳಿದ್ದೆ, ಒಂದು ಟಿವಿಯೂ ಆಗಲಿಲ್ಲ. ರೋಸಿಹೋಗಿ "ಸೊಟ್ಟ ಇರೋದು ನಿಮ್ಮ ಹಟ" ಎಂದುಬಿಟ್ಟೆ. ಅಂದಿನಿಂದ ನನ್ನೊಡನೆ ಮಾತಿಲ್ಲ. ಸಾಕಾಗಿದೆ ಕಣೋ.

ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿರು. ನಿನ್ನವಳಿಗೆ ನನ್ನ ನೆನಪು ಹೇಳು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ, ಇದು ಸೋಮವಾರದ ಮಾತು. ಬೆಳಿಗ್ಗೆ ಅಪ್ಪ ಬಚ್ಚಲ ಬಾಗಿಲಲ್ಲಿ ನಿಂತು, ಯಾರಿಗೋ ಎಂಬಂತೆ, "ಈ ಚೌಕಟ್ಟನ್ನ ಯಾವಾಗ ಬಗ್ಗಿಸಿದ್ರಿ?" ಅಂದರು. ನೋಡಿದರೆ ಚೌಕಟ್ಟು ಎಂದಿನಂತೆಯೇ ಇತ್ತು. ಒಂದೊಂದೇ ಕಣ್ಣು ಮುಚ್ಚಿಸಿದೆ. ಎಡಗಣ್ಣಿಗೆ ಚೌಕಟ್ಟು ನೆಟ್ಟಗೆ, ಬಲಗಣ್ಣಿಗೆ ಬಿಲ್ಲು. ಕೂಡಲೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣಿನ ಒಳಪರದೆಯಲ್ಲಿ ನೀರು ಸೋರಿ ಊದಿದೆ, ಈ ವಾರವೇ ಇಂಜೆಕ್ಷನ್ ಆಗಬೇಕು, ತಡವಾದರೆ ನಡುವಿನ ನೋಟ ಹೋಗುತ್ತದೆ ಅಂದರು ಡಾಕ್ಟರು. ಅಪ್ಪ ಸುತರಾಂ ಒಪ್ಪುತ್ತಿಲ್ಲ: "ಕೆಟ್ಟಿದ್ದು ಟಿವಿ, ಸೂಜಿ ನನ್ನ ಕಣ್ಣಿಗಾ?" ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಇವತ್ತು ಆ ಕಡೆ ಬರುತ್ತಿರುವ ನಿನ್ನ ಭಾವನ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಓದಿದ ತಕ್ಷಣ ಅಪ್ಪನಿಗೆ ಫೋನ್ ಮಾಡು. ಮೊದಲು, "ಅಪ್ಪಾ, ನೀವು ಹೇಳಿದ್ದು ನಿಜ, ನಿಮಗೆ ಸೊಟ್ಟನೇ ಕಾಣ್ತಿತ್ತು" ಅನ್ನು. ಅವರು ಹೂಂ ಅನ್ನುವವರೆಗೂ ಕಾಯಿ. ಇಂಜೆಕ್ಷನ್ನಿನ ಮಾತು ಆಮೇಲೆ ತೆಗೆ.