ಗುರುವಾರದ ಹಲ್ಲುನೋವು

ಇವರೇ,

ಗಂಜಿ ಒಲೆಯ ಮೇಲೆ ಉಂಟು, ಹುರುಳಿ ಚಟ್ನಿ ಮುಚ್ಚಿಟ್ಟಿದ್ದೇನೆ. ಹೊತ್ತು ಮುಳುಗುವ ಮೊದಲೇ ಉಂಡುಬಿಡಿ, ನನ್ನ ದಾರಿ ಕಾಯಬೇಡಿ. ಕರುವನ್ನು ಕಟ್ಟಿಹಾಕಿ, ಹೋದ ಗುರುವಾರ ಹಾಲೆಲ್ಲ ಅದೇ ಕುಡಿದಿತ್ತು.

ಮೂಡಬಿದ್ರೆಯ ಮನಸ್ಸಿನ ಡಾಕ್ಟ್ರಲ್ಲಿಗೆ ಹೊರಟಿದ್ದೇನೆ. ಮಂಗಳೂರೆಲ್ಲ ಸುತ್ತಿ, ಕೊನೆಗೆ ಇಷ್ಟು ಹತ್ತಿರದಲ್ಲೇ ಅವರನ್ನು ಹುಡುಕಿಕೊಟ್ಟದ್ದು ನೀವೇ, ಅದನ್ನು ಮರೆಯುವುದಿಲ್ಲ. ಅವರ ಹತ್ತಿರ ಮಾತಾಡಿ ಬಂದ ಮೇಲೆ ನನಗೆ ಒಳ್ಳೆಯ ನಿದ್ದೆ ಬರುತ್ತದೆ. ಆದರೆ ‘ಅವಳಿಗೆ ಹಲ್ಲುನೋವು’ ಎಂದು ಊರಿಗೆಲ್ಲ ಸಾರಿದ್ದೂ ನೀವೇ! ನಿನ್ನೆ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಜಲಜಕ್ಕ, “ಪ್ರತಿ ಗುರುವಾರ ಹೋಗ್ತೀಯಲ್ಲ, ಬಾಯಲ್ಲಿ ಇನ್ನೂ ಹಲ್ಲು ಉಂಟಾ ಮಾರಾಯ್ತಿ?” ಎಂದು ಕೇಳಿದರು. ನಗು ತಡೆಯಲಾಗಲಿಲ್ಲ. ಹಾಗೆ ನಗದೆ ಎಷ್ಟು ತಿಂಗಳಾಗಿತ್ತೋ! ನಗುತ್ತಾ ನಗುತ್ತಾ ನಿಜ ಹೇಳಿಬಿಟ್ಟೆ: ಮನಸ್ಸು ಭಾರ, ಹೇಳಿಕೊಂಡರೆ ಕೂತು ಕೇಳುವ ಡಾಕ್ಟ್ರು ಒಬ್ಬರಿದ್ದಾರೆ ಎಂದು.

ಬೈಯಬೇಡಿ. ಜಲಜಕ್ಕ ಕೊಡ ಕೆಳಗಿಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡರು. ಆಮೇಲೆ ಮೆಲ್ಲಗೆ, “ನಾನೂ ಬರಬಹುದಾ?” ಎಂದರು.

ಇಗೋ, ಇಬ್ಬರೂ ಬಸ್ಸಿಗೆ ಹೊರಟೆವು. ಅವರ ಗಂಡ ಶಂಭಣ್ಣ ಬಂದು ಕೇಳಿದರೆ, ನಿಮಗೆ ಹೇಗೂ ಅಭ್ಯಾಸ ಉಂಟು, ಜಲಜಕ್ಕನಿಗೂ ಹಲ್ಲುನೋವು ಶುರುವಾಗಿದೆ ಎಂದು ಹೇಳಿ.

ಅನಂತಮತಿ